ಸಂಸಾರ ಸಮೇತ ಒಂದು ವರ್ಷ ದೇಶ ಸುತ್ತಾಟ: ದಾರಿ, ವೀಸಾ, ಶಾಲೆ, ದುಡ್ಡು ಹೇಗೆ ಹೊಂದಿಸೋದು?

ಕುಕ್ಕರಹಳ್ಳಿ_ಕೆರೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾವಿಬ್ಬರು, 9 ವರ್ಷದ ಮಗಳು, 4 ವರ್ಷದ ಮಗ. ಮಗಳ ಮೂರನೇ ತರಗತಿ ಮುಗಿಯುತ್ತಲೇ ಏಪ್ರಿಲ್ ಕೊನೆಗೆ ಮೈಸೂರು ಬಿಟ್ಟು, ಅವಳ ಐದನೇ ತರಗತಿ ಶುರುವಾಗುವ ಹೊತ್ತಿಗೆ ವಾಪಸ್ ಬರುವ ಯೋಚನೆ. ಯಜಮಾನರಿಗೆ ಆಫೀಸಿನಿಂದ ಸಂಬಳವಿಲ್ಲದ ರಜೆ ಸಿಗುತ್ತದೆ. ನನ್ನದು ಲ್ಯಾಪ್‌ಟಾಪ್ ಇದ್ದರೆ ಎಲ್ಲಿಂದಲಾದರೂ ಮಾಡಬಹುದಾದ ಫ್ರೀಲಾನ್ಸ್ ಕೆಲಸ. ನಾಲ್ವರದ್ದೂ ಭಾರತದ ಪಾಸ್‌ಪೋರ್ಟ್. ಷೆಂಗೆನ್ (ಯುರೋಪಿನ ಹಲವು ದೇಶಗಳಿಗೆ ಸೇರಿ ಒಂದೇ ವೀಸಾ), ಅಮೆರಿಕ, ಬ್ರಿಟನ್ ವೀಸಾ ಯಾರಿಗೂ ಇಲ್ಲ.

ಹಾಕಿಕೊಂಡ ದಾರಿ: ಥಾಯ್ಲೆಂಡ್, ವಿಯೆಟ್ನಾಂ, ಬಾಲಿ, ಆಮೇಲೆ ಕೀನ್ಯಾ, ಟರ್ಕಿ, ಜಾರ್ಜಿಯಾ, ಕೊನೆಯ ಮೂರು ತಿಂಗಳು ಯುರೋಪ್. ಈ ಕ್ರಮ ಸರಿಯೇ? ಮಗಳ ಒಂದು ವರ್ಷದ ಶಾಲೆ ತಪ್ಪಿದರೆ ಮುಂದೆ ಎಲ್ಲಿ ತೊಡಕಾಗುತ್ತದೆ? ದುಡ್ಡನ್ನು ಯಾವ ರೂಪದಲ್ಲಿ ಒಯ್ಯಬೇಕು? ಇನ್ಶೂರೆನ್ಸ್, ಲಸಿಕೆ, ಅಡುಗೆಯ ಬಗ್ಗೆಯೂ ತಿಳಿದವರು ಹೇಳಿ. ಸ್ಫೂರ್ತಿಯ ಮಾತು ಬೇಡ, ಅದು ಬೇಕಾದಷ್ಟಿದೆ. ಕೆಲಸಕ್ಕೆ ಬರುವ ವಿವರ ಬೇಕು.

ಗಡಿದಾಟು

ಮೇಡಂ, ಕ್ರಮ ಪೂರ್ತಿ ತಿರುಗುಮುರುಗಾಗಿದೆ. ಕೊನೆಗಿಟ್ಟ ಯುರೋಪ್ ಮೊದಲು ಬರಬೇಕು.

ಷೆಂಗೆನ್ ವೀಸಾಕ್ಕೆ ನೀವು ವಾಸವಿರುವ ದೇಶದಲ್ಲೇ ಅರ್ಜಿ ಹಾಕಬೇಕು. ಪ್ರವಾಸಿಯಾಗಿ ಹೋಗಿ ಹನೋಯಲ್ಲೋ ನೈರೋಬಿಯಲ್ಲೋ ಕೂತು ಹಾಕಿದರೆ ಸಾಮಾನ್ಯವಾಗಿ ತೆಗೆದುಕೊಳ್ಳುವುದೇ ಇಲ್ಲ. ಇಲ್ಲೇ ಪಡೆದುಕೊಂಡು ಹೊರಡೋಣ ಎಂದರೆ ಪ್ರಯಾಣಕ್ಕೆ ಆರು ತಿಂಗಳಿಗಿಂತ ಮುಂಚೆ ಅರ್ಜಿ ಹಾಕುವಂತಿಲ್ಲ. ಹತ್ತನೇ ತಿಂಗಳಿಗೆ ಯುರೋಪ್ ಇಟ್ಟುಕೊಂಡರೆ ಬರೀ ವೀಸಾಕ್ಕಾಗಿ ನಡುವೆ ಒಮ್ಮೆ ಬೆಂಗಳೂರಿಗೆ ಬಂದು ಹೋಗಬೇಕು. ಹಾಗಾಗಿ ಊರಲ್ಲೇ ಕೂತು ಪಡೆಯಬೇಕಾದ ವೀಸಾಗಳ ದೇಶ ಮೊದಲು, ಆನ್‌ಲೈನಿನಲ್ಲೋ ಇಳಿದ ಮೇಲೋ ಸಿಗುವ ದೇಶ ಆಮೇಲೆ. ಭೂಪಟದಲ್ಲಿ ಯಾವುದು ಹತ್ತಿರ ಎಂಬುದು ಮೂರನೇ ಮಾತು. ಎರಡನೆಯದು ಹವೆ.

ಹೀಗೆ ಮಾಡಿ: ಫೆಬ್ರವರಿಯಲ್ಲಿ ಷೆಂಗೆನ್ ಅರ್ಜಿ. ಮೇ, ಜೂನ್, ಜುಲೈ ಯುರೋಪ್, ಅದರ ಜೊತೆಗೇ ಟರ್ಕಿ ಮತ್ತು ಜಾರ್ಜಿಯಾ. ಸೆಪ್ಟೆಂಬರ್ ಕೀನ್ಯಾ, ಅಲ್ಲಿಗದು ಒಣಹವೆಯ ತಿಂಗಳು. ನವೆಂಬರ್‌ನಿಂದ ಜನವರಿವರೆಗೆ ಥಾಯ್ಲೆಂಡ್, ಫೆಬ್ರವರಿ-ಮಾರ್ಚ್ ವಿಯೆಟ್ನಾಂ, ಏಪ್ರಿಲ್‌ನಲ್ಲಿ ಮಳೆ ನಿಂತ ಮೇಲೆ ಬಾಲಿ, ಮೇನಲ್ಲಿ ಮನೆ. ನೀವು ಹಾಕಿದ ಕ್ರಮದಲ್ಲೇ ಹೋದರೆ ಜೂನ್-ಜುಲೈನ ಮಳೆಯಲ್ಲಿ ಥಾಯ್ಲೆಂಡ್, ಅಕ್ಟೋಬರ್-ನವೆಂಬರ್‌ನ ನೆರೆ ಹೊತ್ತಿಗೆ ಮಧ್ಯ ವಿಯೆಟ್ನಾಂನ ಹೋಯ್ ಆನ್, ಹುಯೆ ಸಿಗುವ ಸಂಭವವಿತ್ತು. ಇನ್ನೊಂದು: ಚಿಯಾಂಗ್ ಮಾಯ್ ಕಡೆಗೆ ಹೋಗುವುದಾದರೆ ಜನವರಿ ಮುಗಿಯುವ ಮೊದಲು ಅಲ್ಲಿಂದ ಕಾಲ್ತೆಗೆಯಿರಿ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಹೊಲ-ಕಾಡು ಸುಡುವ ಹೊಗೆ ಅಲ್ಲಿ ತುಂಬಿರುತ್ತದೆ, ಸಣ್ಣ ಮಕ್ಕಳ ಎದೆಗೆ ಒಳ್ಳೆಯದಲ್ಲ.

ಷೆಂಗೆನ್ ವಿಷಯ ಸ್ವಲ್ಪ ಉದ್ದ ಇದೆ. ಯಾವುದೇ 180 ದಿನಗಳಲ್ಲಿ 90 ದಿನ ಮಾತ್ರ ಇರಬಹುದು, ಒಳಬಂದ ದಿನ, ಹೊರಟ ದಿನ ಎರಡೂ ಲೆಕ್ಕಕ್ಕೆ ಸೇರುತ್ತವೆ. ಒಟ್ಟು 29 ದೇಶಗಳು ಸೇರಿ ಈ 90. ಐರ್ಲೆಂಡ್, ಸೈಪ್ರಸ್ ಇದರಲ್ಲಿಲ್ಲ. ವೀಸಾ ಚೀಟಿಯಲ್ಲಿ ಎರಡು ಬೇರೆ ಬೇರೆ ಅಂಕಿಗಳಿರುತ್ತವೆ: ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಎಂಬುದು ಒಂದು, ಅದರೊಳಗೆ ಎಷ್ಟು ದಿನ ಇರಬಹುದು ಎಂಬುದು ಇನ್ನೊಂದು. ಮೂರು ತಿಂಗಳ ಅವಧಿ ಕಂಡು ಖುಷಿಪಟ್ಟು, ಕೆಳಗೆ ಬರೆದ 45 ದಿನವನ್ನು ಗಮನಿಸದೆ ಉಳಿದುಬಿಟ್ಟವರಿದ್ದಾರೆ. 2025ರ ಅಕ್ಟೋಬರ್ 12ರಿಂದ ಗಡಿಯಲ್ಲಿ ಫೋಟೋ, ಬೆರಳಚ್ಚು ತೆಗೆದುಕೊಂಡು ದಿನಗಳನ್ನು ಕಂಪ್ಯೂಟರೇ ಎಣಿಸುವ ವ್ಯವಸ್ಥೆ ಶುರುವಾಗಿದೆ, ಮುದ್ರೆ ಮಸುಕಾಗಿತ್ತು ಎಂಬ ನೆಪಕ್ಕೆ ಇನ್ನು ಜಾಗವಿಲ್ಲ. 12 ವರ್ಷದೊಳಗಿನ ಮಕ್ಕಳ ಬೆರಳಚ್ಚು ತೆಗೆಯುವುದಿಲ್ಲ.

ಶುಲ್ಕ ದೊಡ್ಡವರಿಗೆ 90 ಯೂರೋ, 6ರಿಂದ 12 ವರ್ಷದೊಳಗಿನವರಿಗೆ 45, ಆರರ ಒಳಗಿನವರಿಗೆ ಇಲ್ಲ. ನಿಮಗೆ 90+90+45, ಅಂದರೆ 225 ಯೂರೋ, ಅದರ ಮೇಲೆ ಅರ್ಜಿ ಕೇಂದ್ರದ ಸೇವಾಶುಲ್ಕ. ಯಾವ ದೇಶದಲ್ಲಿ ಹೆಚ್ಚು ದಿನ ಇರುತ್ತೀರೋ ಆ ದೇಶಕ್ಕೆ ಅರ್ಜಿ. ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ, ಮಕ್ಕಳ ಜನನ ಪ್ರಮಾಣಪತ್ರ, ಮಕ್ಕಳ ಅರ್ಜಿಗೆ ಇಬ್ಬರ ಸಹಿ, ಮಗಳ ಶಾಲೆಯ ಪತ್ರ ಬೇಕು. ಯಜಮಾನರ ರಜೆ ಮಂಜೂರಾದ ಪತ್ರವೇ ಇಲ್ಲಿ ದೊಡ್ಡ ಆಧಾರ. ಕೆಲಸ ಬಿಟ್ಟು ಬಂದವರ ದೀರ್ಘ ಪ್ರವಾಸದ ಅರ್ಜಿಗಳು ಬೀಳುವುದು ಹೆಚ್ಚಾಗಿ ‘ವಾಪಸ್ ಹೋಗುತ್ತಾರೆಂಬ ನಂಬಿಕೆ ಬಂದಿಲ್ಲ’ ಎಂಬ ಕಾರಣಕ್ಕೆ. ಕೆಲಸಕ್ಕೆ ಮರಳುವ ತಾರೀಖು ಪತ್ರದಲ್ಲಿ ಇರಲಿ. ನಿಮ್ಮ ಫ್ರೀಲಾನ್ಸ್ ಆದಾಯಕ್ಕೆ ಹಿಂದಿನ ರಿಟರ್ನ್‌ಗಳನ್ನು ಇಡಿ. ಅರ್ಜಿಗೆ ಮುಂಚಿನ ವಾರ ಖಾತೆಗೆ ಒಮ್ಮೆಲೇ ದೊಡ್ಡ ಮೊತ್ತ ಬಂದು ಬಿದ್ದಿದ್ದರೆ ಅನುಮಾನ ಹುಟ್ಟುತ್ತದೆ, ಆ ಹಣ ಎಲ್ಲಿಂದ ಬಂತೆಂಬ ಕಾಗದವನ್ನೂ ಲಗತ್ತಿಸಿ.

ಈಗ ಟರ್ಕಿ, ಜಾರ್ಜಿಯಾ. ಟರ್ಕಿಯ ಇ-ವೀಸಾ ಭಾರತೀಯರಿಗೆ ಸಿಗುವುದು ಷೆಂಗೆನ್, ಅಮೆರಿಕ, ಬ್ರಿಟನ್, ಐರ್ಲೆಂಡ್ ಪೈಕಿ ಒಂದರ ಚಾಲ್ತಿ ವೀಸಾ ಅಥವಾ ವಾಸದ ಪರವಾನಗಿ ಇದ್ದರೆ ಮಾತ್ರ. ಅದು ಒಂದು ಸಲದ ಪ್ರವೇಶ, 30 ದಿನ. ಜಾರ್ಜಿಯಾಕ್ಕೂ ಚಾಲ್ತಿ ಷೆಂಗೆನ್ ವೀಸಾ ಇದ್ದರೆ ಬೇರೆ ವೀಸಾ ಬೇಡ, 180 ದಿನಗಳಲ್ಲಿ 90 ದಿನ ಇರಬಹುದು. ಎಡವುವುದು ‘ಚಾಲ್ತಿ’ ಎಂಬಲ್ಲಿ. ಮೇ 15ರಿಂದ ಶುರುವಾಗುವ ಷೆಂಗೆನ್ ಹಿಡಿದು ಮೇ 5ಕ್ಕೆ ಇಸ್ತಾಂಬುಲ್‌ನಲ್ಲಿ ಇಳಿದರೆ ಅದಿನ್ನೂ ಚಾಲ್ತಿಗೆ ಬಂದಿಲ್ಲ. ಆಗಸ್ಟ್‌ನಲ್ಲಿ ಟಿಬಿಲಿಸಿಗೆ ಹೋಗುವಷ್ಟರಲ್ಲಿ ಅವಧಿ ಮುಗಿದಿದ್ದರೆ ಅದೂ ಆಗದು. ಆಗ ಜಾರ್ಜಿಯಾದ ಇ-ವೀಸಾಕ್ಕೆ ಬೇರೆ ಅರ್ಜಿ. ಆದ್ದರಿಂದ ಬಹುಪ್ರವೇಶದ ವೀಸಾ ಕೇಳಿ, ಪ್ರಯಾಣದ ಪಟ್ಟಿಯಲ್ಲೇ ಟರ್ಕಿಗೆ ಹೊರಗೆ ಹೋಗಿ ಗ್ರೀಸ್‌ಗೆ ಮತ್ತೆ ಒಳಬರುವುದನ್ನು ಟಿಕೆಟ್ ಸಮೇತ ತೋರಿಸಿ. ಕೇಳಿದ್ದೆಲ್ಲ ಕೊಡುತ್ತಾರೆಂದಲ್ಲ. ಏನು ಕೊಟ್ಟರೆಂದು ನೋಡಿದ ಮೇಲೆಯೇ ಟರ್ಕಿ-ಜಾರ್ಜಿಯಾ ಟಿಕೆಟ್ ಮಾಡಿ.

ಉಳಿದದ್ದು ಸುಲಭ. ಕೀನ್ಯಾಕ್ಕೆ ಆನ್‌ಲೈನ್ ಅನುಮತಿ. ವಿಯೆಟ್ನಾಂ ಇ-ವೀಸಾ 90 ದಿನ, ಒಂದು ಪ್ರವೇಶಕ್ಕೆ ತಲಾ 25 ಡಾಲರ್, ಬಹುಪ್ರವೇಶಕ್ಕೆ 50. ಬಾಲಿಯಲ್ಲಿ ಇಳಿದ ಮೇಲೆ ವೀಸಾಕ್ಕೆ ತಲಾ 5 ಲಕ್ಷ ಇಂಡೋನೇಷ್ಯಾ ರೂಪಿಯಾ, ಮಕ್ಕಳಿಗೂ ಅಷ್ಟೇ. 30 ದಿನ, ಒಮ್ಮೆ ಇನ್ನೊಂದು 30 ದಿನ ಮುಂದುವರಿಸಬಹುದು. ಅವಧಿ ಮೀರಿದರೆ ದಿನಕ್ಕೆ ತಲಾ 10 ಲಕ್ಷ ರೂಪಿಯಾ ದಂಡ, ತಮಾಷೆಯಲ್ಲ. ಥಾಯ್ಲೆಂಡ್‌ನಲ್ಲಿ 2024ರ ಜುಲೈಯಲ್ಲಿ 60 ದಿನಗಳ ವೀಸಾ ವಿನಾಯಿತಿ ಬಂದಿತ್ತು, ಆದರೆ ಈ ನಿಯಮ ಬದಲಾಗುತ್ತಿರುತ್ತದೆ, ಟಿಕೆಟ್ ಮಾಡುವ ದಿನ ಅವರ ರಾಯಭಾರ ಕಚೇರಿಯ ಪುಟ ನೋಡಿ. ಇಳಿಯುವುದಕ್ಕೆ ಮುಂಚಿನ ಮೂರು ದಿನದೊಳಗೆ ಅವರ ಡಿಜಿಟಲ್ ಆಗಮನ ಚೀಟಿಯನ್ನು ಪ್ರತಿಯೊಬ್ಬರ ಹೆಸರಲ್ಲೂ ತುಂಬಬೇಕು, ಮಗನದೂ ಸೇರಿ.

ಒಂದು ಕಡೆಯ ಟಿಕೆಟ್ ಹಿಡಿದು ಹೋದರೆ ತಡೆಯುವುದು ಆ ದೇಶದ ಅಧಿಕಾರಿಗಿಂತ ಮೊದಲು ನಮ್ಮ ವಿಮಾನ ನಿಲ್ದಾಣದ ಚೆಕ್-ಇನ್ ಕೌಂಟರ್. ಮುಂದಿನ ದೇಶಕ್ಕೆ ಹೋಗುವ ಟಿಕೆಟ್ ತೋರಿಸಿ ಅನ್ನುತ್ತಾರೆ. ಪಕ್ಕದ ದೇಶಕ್ಕೆ ಅಗ್ಗದ ಟಿಕೆಟ್ಟೊಂದನ್ನು ಮೊದಲೇ ಮಾಡಿಟ್ಟುಕೊಳ್ಳಿ.

ಕೊನೆಗೆ ಹೆಸರು. ನಮ್ಮ ಕಡೆ ಇನಿಷಿಯಲ್ ಪದ್ಧತಿಯಿಂದಾಗಿ ಎಷ್ಟೋ ಪಾಸ್‌ಪೋರ್ಟ್‌ಗಳಲ್ಲಿ ‘ಸರ್‌ನೇಮ್’ ಜಾಗ ಖಾಲಿ. ಒಂದೇ ಹೆಸರಿರುವ ಪಾಸ್‌ಪೋರ್ಟ್‌ಗೆ 2022ರ ನವೆಂಬರ್‌ನಿಂದ ಯುಎಇ ತಕರಾರು ತೆಗೆಯುತ್ತದೆ. ಅಪ್ಪ-ಅಮ್ಮ-ಮಕ್ಕಳ ಕೊನೆಯ ಹೆಸರು ಬೇರೆ ಬೇರೆ ಇದ್ದರೆ ಗಡಿಯಲ್ಲಿ ‘ಈ ಮಗು ನಿಮ್ಮದೇ?’ ಎಂಬ ಪ್ರಶ್ನೆ ಬರುವುದೂ ಉಂಟು. ಇಂಗ್ಲಿಷಿನಲ್ಲಿರುವ ಜನನ ಪ್ರಮಾಣಪತ್ರಕ್ಕೆ ವಿದೇಶಾಂಗ ಇಲಾಖೆಯ ಅಪೊಸ್ಟಿಲ್ (ಹೊರದೇಶಗಳೂ ಒಪ್ಪುವ ದೃಢೀಕರಣ) ಮಾಡಿಸಿ ಒಂದೆರಡು ಪ್ರತಿ ಕೈಚೀಲದಲ್ಲೇ ಇಟ್ಟುಕೊಳ್ಳಿ. ಮೊದಲು ರಾಜ್ಯ ಸರ್ಕಾರದ ದೃಢೀಕರಣ ಆಗಬೇಕು, ಅದಕ್ಕೆ ಸಮಯ ಹಿಡಿಯುತ್ತದೆ.

ಕರಿಹಲಗೆ

ಶಾಲೆಯ ಭಾಗ ನಾನು ಹೇಳುತ್ತೇನೆ.

ನಾಲ್ಕನೇ ತರಗತಿ ತಪ್ಪಿಸಲು ಇದಕ್ಕಿಂತ ಒಳ್ಳೆಯ ವರ್ಷ ಸಿಗದು. 2009ರ ಶಿಕ್ಷಣ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ 6ರಿಂದ 14ರ ಮಗು ಶಾಲೆಗೆ ಮರಳಿ ಬಂದಾಗ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಳ್ಳಬೇಕು. ಆದರೆ ಇದೇ ಯೋಚನೆ ಒಂಬತ್ತು-ಹತ್ತನೇ ತರಗತಿಯ ಮಗುವಿಗಾದರೆ ಬೇಡವೇ ಬೇಡ. ಬೋರ್ಡ್ ನೋಂದಣಿ ಒಂಬತ್ತರಲ್ಲೇ ಶುರುವಾಗುತ್ತದೆ, ಹತ್ತಕ್ಕೆ ನೇರ ಪ್ರವೇಶ ಕಷ್ಟ.

ಎರಡು ದಾರಿಗಳಿವೆ. ಶಾಲೆ ಒಪ್ಪಿದರೆ ಶುಲ್ಕ ಕಟ್ಟಿ ಸೀಟು ಉಳಿಸಿಕೊಂಡು ರಜೆ ಪಡೆಯುವುದು ಒಂದು. ಆದರೆ ಹಾಜರಿಯೇ ಇಲ್ಲದ ಮಗುವನ್ನು ರಾಜ್ಯದ ವಿದ್ಯಾರ್ಥಿ ದಾಖಲೆ ವ್ಯವಸ್ಥೆಯಾದ ಸ್ಯಾಟ್ಸ್‌ನಲ್ಲಿ ಇಡೀ ವರ್ಷ ಹಾಜರಿದ್ದಂತೆ ತೋರಿಸಲು ಶಾಲೆಗೆ ಆಗುವುದಿಲ್ಲ, ತೋರಿಸಬಾರದು ಕೂಡ. ಆದ್ದರಿಂದ ಎರಡನೆಯ ದಾರಿಯೇ ಸ್ವಚ್ಛ: ಮೂರನೇ ತರಗತಿ ಮುಗಿದ ಟಿಸಿ ಮತ್ತು ಅಂಕಪಟ್ಟಿ ತೆಗೆದುಕೊಂಡು, ಸ್ಯಾಟ್ಸ್ ಸಂಖ್ಯೆ ಬರೆದಿಟ್ಟುಕೊಂಡು ಹೊರಡುವುದು. ಬಂದ ಮೇಲೆ ಅದೇ ಶಾಲೆಯಲ್ಲಿ ಸೀಟು ಇರುತ್ತದೆಯೇ ಎಂಬುದನ್ನು ಈಗಲೇ ಬರಹದಲ್ಲಿ ಕೇಳಿ. ಖಾಸಗಿ ಶಾಲೆಯಾದರೆ ಐದಕ್ಕೆ ಸೇರಿಸಿಕೊಳ್ಳುವ ಮೊದಲು ಪರೀಕ್ಷೆ ಕೊಡುವ ರೂಢಿಯೂ ಇದೆ. ಕಾಗದದ ಆಧಾರ ಬೇಕೇ ಬೇಕು ಎನ್ನುವವರಿಗೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಾದ ಎನ್‌ಐಒಎಸ್‌ನ ಮುಕ್ತ ಮೂಲ ಶಿಕ್ಷಣ ಇದೆ. ಅದರ ‘ಎ’ ಹಂತ ಮೂರನೇ ತರಗತಿಗೆ, ‘ಬಿ’ ಐದಕ್ಕೆ, ‘ಸಿ’ ಎಂಟಕ್ಕೆ ಸಮ. ನಾಲ್ಕಕ್ಕೆ ಸಮನಾದದ್ದು ಇಲ್ಲ, ನಿಮಗೆ ಅದರ ಅಗತ್ಯವೂ ಇಲ್ಲ.

ಬಹಳ ಮಂದಿ ಮರೆಯುವುದು ಸಿಇಟಿಯನ್ನು. ಕರ್ನಾಟಕದ ಸೀಟಿಗೆ ಸಾಮಾನ್ಯ ಅರ್ಹತೆ ಎಂದರೆ ಒಂದರಿಂದ ದ್ವಿತೀಯ ಪಿಯುಸಿವರೆಗೆ ಕನಿಷ್ಠ 7 ವರ್ಷ ರಾಜ್ಯದ ಮಾನ್ಯತೆ ಪಡೆದ ಶಾಲೆ-ಕಾಲೇಜಿನಲ್ಲಿ ಓದಿರಬೇಕು. ಒಂದು ವರ್ಷ ಕಳೆದರೂ ನಿಮ್ಮ ಮಗಳಿಗೆ 11 ಉಳಿಯುತ್ತದೆ, ಚಿಂತೆ ಇಲ್ಲ. ಆದರೆ ಗ್ರಾಮೀಣ ಮೀಸಲಾತಿಗೂ ಕನ್ನಡ ಮಾಧ್ಯಮ ಮೀಸಲಾತಿಗೂ ಒಂದರಿಂದ ಹತ್ತರವರೆಗೆ ಪೂರ್ತಿ 10 ವರ್ಷದ ಪ್ರಮಾಣಪತ್ರ ಬೇಕು. ನಡುವಿನ ಒಂದು ವರ್ಷ ಖಾಲಿಯಾದರೆ ಆ ಪ್ರಮಾಣಪತ್ರ ಸಿಗುವುದಿಲ್ಲ. ನಗರದ ಇಂಗ್ಲಿಷ್ ಮಾಧ್ಯಮದ ಮಗುವಿಗೆ ಇದು ಅನ್ವಯಿಸದು. ಇದನ್ನು ಓದುತ್ತಿರುವ ಬೇರೆಯವರಿಗೆ ಅನ್ವಯಿಸಬಹುದು, ಅದಕ್ಕೇ ಬರೆದೆ.

ದಾರಿಯಲ್ಲಿ ಏನು ಓದಿಸಬೇಕು? ಗಣಿತ ಮತ್ತು ಕನ್ನಡ, ಇವೆರಡು ಬಿಡಬೇಡಿ. ಸಮಾಜ, ಪರಿಸರ ವಿಜ್ಞಾನ ತಾನಾಗಿ ಬರುತ್ತದೆ. ಗಣಿತ ಮೆಟ್ಟಿಲು ಮೆಟ್ಟಿಲಾಗಿ ಏರುವ ವಿಷಯ; ನಾಲ್ಕರಲ್ಲಿ ಭಾಗಾಕಾರ, ಭಿನ್ನರಾಶಿ ಗಟ್ಟಿಯಾಗದಿದ್ದರೆ ಐದರಲ್ಲಿ ದಶಮಾಂಶ ಬಂದಾಗ ಮಗು ಕೂತುಬಿಡುತ್ತದೆ. ಕನ್ನಡದಲ್ಲಿ ಮಾತು ಉಳಿದರೂ ಬರವಣಿಗೆ ಬೇಗ ಜಾರುತ್ತದೆ, ಮೊದಲು ತಪ್ಪುವುದು ಒತ್ತಕ್ಷರ ಮತ್ತು ದೀರ್ಘ. 2015ರ ಕನ್ನಡ ಕಲಿಕೆ ಅಧಿನಿಯಮದಂತೆ ಯಾವ ಬೋರ್ಡಿನ ಶಾಲೆಯಾದರೂ ಕನ್ನಡ ಒಂದು ವಿಷಯವಾಗಿ ಇದ್ದೇ ಇರುತ್ತದೆ, ಹಾಗಾಗಿ ಬಂದ ತಕ್ಷಣ ತೊಡಕು ಕಾಣುವುದು ಅಲ್ಲೇ. ದಿನಕ್ಕೆ ಅರ್ಧ ಪುಟ ಕೈಬರಹ ಸಾಕು, ಅಜ್ಜ-ಅಜ್ಜಿಗೆ ಬರೆಯುವ ಕಾಗದವೇ ಆಗಲಿ. ರಾಜ್ಯ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ನಾಲ್ಕನೇ ತರಗತಿಯ ಪುಸ್ತಕಗಳು ಪುಕ್ಕಟೆ ಸಿಗುತ್ತವೆ, ಇಳಿಸಿಕೊಂಡು ಹೋಗಿ. ಬೆಳಿಗ್ಗೆ ತಿಂಡಿಯಾದ ಮೇಲೆ ಒಂದೂವರೆ ಗಂಟೆ, ವಾರಕ್ಕೆ ಐದು ದಿನ, ಊರು ಬದಲಿಸುವ ದಿನ ರಜೆ. ಸಂಜೆಗೆ ಇಟ್ಟುಕೊಂಡರೆ ಯಾವತ್ತೂ ಆಗುವುದಿಲ್ಲ. ನಾಲ್ಕರ ಮಗನಿಗೆ ಕತೆ ಓದಿ ಹೇಳಿ, ಸಾಕು.

ಲೆಕ್ಕಪತ್ರ

ದುಡ್ಡಿನ ವಿಷಯದಲ್ಲಿ ಸೋರುವ ತೂತುಗಳನ್ನು ಹೇಳುತ್ತೇನೆ, ಬಜೆಟ್ ನಿಮಗೆ ಬಿಟ್ಟದ್ದು.

ಸಾಮಾನ್ಯ ಕ್ರೆಡಿಟ್, ಡೆಬಿಟ್ ಕಾರ್ಡ್‌ಗಳಲ್ಲಿ ವಿದೇಶಿ ಖರ್ಚಿಗೆ 3.5% ತನಕ ಮಾರ್ಕಪ್ (ವಿನಿಮಯಕ್ಕೆ ಬ್ಯಾಂಕ್ ಹಿಡಿಯುವ ಹೆಚ್ಚುವರಿ ಶುಲ್ಕ), ಅದರ ಮೇಲೆ 18% ಜಿಎಸ್‌ಟಿ. ಒಟ್ಟು 4.13%. ವರ್ಷಕ್ಕೆ 20 ಲಕ್ಷ ಖರ್ಚಾದರೆ 82,600 ರೂಪಾಯಿ ಬರೀ ಇದಕ್ಕೇ ಹೋಯಿತು. ಮಾರ್ಕಪ್ ಇಲ್ಲದ ಕಾರ್ಡ್‌ಗಳಿವೆ, ಎರಡು ಬೇರೆ ಬೇರೆ ಬ್ಯಾಂಕಿನವು ಮಾಡಿಸಿ, ಒಬ್ಬೊಬ್ಬರ ಚೀಲದಲ್ಲಿ ಒಂದೊಂದು. ಅಂಗಡಿಯ ಯಂತ್ರ ‘ರೂಪಾಯಿಯಲ್ಲಿ ಕಟ್ಟುತ್ತೀರಾ?’ ಎಂದು ಕೇಳಿದರೆ ಬೇಡ ಅನ್ನಿ, ಯಾವಾಗಲೂ ಆ ದೇಶದ ಹಣದಲ್ಲೇ ಕಟ್ಟಿ. ರೂಪಾಯಿ ಒತ್ತಿದರೆ ವಿನಿಮಯ ದರ ಆ ಯಂತ್ರದವನದು, ಮಾರ್ಕಪ್ ಇಲ್ಲದ ಕಾರ್ಡ್ ಇದ್ದೂ ಉಪಯೋಗವಿಲ್ಲ. ಥಾಯ್ಲೆಂಡ್ ಎಟಿಎಂಗಳು ಪ್ರತಿ ಸಲಕ್ಕೂ 220 ಬಾತ್ ಅಥವಾ ಅದಕ್ಕಿಂತ ಹೆಚ್ಚು ಹಿಡಿಯುತ್ತವೆ. ಸಾವಿರ ಸಾವಿರವಾಗಿ ತೆಗೆಯುವ ಬದಲು ಒಮ್ಮೆಗೇ ತೆಗೆಯಿರಿ.

ಎಲ್‌ಆರ್‌ಎಸ್ (ವಿದೇಶಕ್ಕೆ ಹಣ ಕಳಿಸಲು ಇರುವ ಆರ್‌ಬಿಐ ಯೋಜನೆ) ಅಡಿ ಒಬ್ಬರು ಹಣಕಾಸು ವರ್ಷಕ್ಕೆ 2.5 ಲಕ್ಷ ಡಾಲರ್ ಕಳಿಸಬಹುದು, ಆ ಮಿತಿ ನಿಮಗೆ ಅಡ್ಡ ಬರದು. ಅಡ್ಡ ಬರುವುದು ಟಿಸಿಎಸ್, ಅಂದರೆ ಹಣ ಕಳಿಸುವಾಗಲೇ ಮುಂಗಡವಾಗಿ ಹಿಡಿಯುವ ತೆರಿಗೆ. ಫಾರೆಕ್ಸ್ ಕಾರ್ಡ್‌ಗೆ ತುಂಬಿದ್ದು, ಡೆಬಿಟ್ ಕಾರ್ಡ್‌ನಲ್ಲಿ ವಿದೇಶದಲ್ಲಿ ಖರ್ಚು ಮಾಡಿದ್ದು ಒಬ್ಬರ ಪ್ಯಾನ್‌ನಲ್ಲಿ 10 ಲಕ್ಷ ದಾಟಿದರೆ ಮೇಲಿನದಕ್ಕೆ 20% ಹಿಡಿಯುತ್ತಾರೆ. ಯಜಮಾನರೊಬ್ಬರೇ 16 ಲಕ್ಷ ತುಂಬಿದರೆ 1.2 ಲಕ್ಷ ಹೋಗಿ ಕೂರುತ್ತದೆ. ಇಬ್ಬರೂ ತಮ್ಮ ತಮ್ಮ ಖಾತೆಯಿಂದ ಎಂಟೆಂಟು ತುಂಬಿದರೆ ಏನೂ ಇಲ್ಲ. ಹಿಡಿದದ್ದು ರಿಟರ್ನ್‌ನಲ್ಲಿ ವಾಪಸ್ ಬರುತ್ತದೆ ನಿಜ, ಆದರೆ ಪ್ರವಾಸದ ನಡುವೆ ಅಷ್ಟು ಹಣ ಸಿಕ್ಕಿಕೊಳ್ಳುವುದು ಯಾರಿಗೆ ಬೇಕು.

ಮೊಬೈಲ್ ನಂಬರ್. ಇದು ಸಣ್ಣದೆನಿಸಿದರೂ ಬೇರೆಲ್ಲ ಇದರ ಮೇಲೆ ನಿಂತಿದೆ. ಬ್ಯಾಂಕ್, ಆಧಾರ್, ತೆರಿಗೆ ಎಲ್ಲದಕ್ಕೂ ಓಟಿಪಿ ಬರುವುದು ಊರಿನ ನಂಬರಿಗೆ. ಅದನ್ನು ಇ-ಸಿಮ್ ಮಾಡಿಕೊಂಡು ಹೋಗಬೇಡಿ. ಫೋನ್ ಕೆಟ್ಟರೆ ಮತ್ತೊಂದಕ್ಕೆ ಹಾಕಿಸಿಕೊಳ್ಳಲು ಅದೇ ನಂಬರಿನ ಓಟಿಪಿ ಕೇಳುತ್ತಾರೆ, ಗಾಡಿ ಅಲ್ಲಿಗೇ ನಿಂತಿತು. ಊರಿನದು ಪ್ಲಾಸ್ಟಿಕ್ ಸಿಮ್ ಆಗಿರಲಿ, ಹೋದ ದೇಶದ ಡೇಟಾಕ್ಕೆ ಇ-ಸಿಮ್. ಇಂಟರ್‌ನ್ಯಾಷನಲ್ ರೋಮಿಂಗ್ ಅನ್ನು ಊರು ಬಿಡುವ ಮೊದಲೇ ಆನ್ ಮಾಡಿಸಿ, 365 ದಿನದ ರೀಚಾರ್ಜ್ ಹಾಕಿ, ಡೇಟಾ ರೋಮಿಂಗ್ ಆಫ್ ಇಡಿ. ದಾರಿಯಲ್ಲಿ ಫೋನ್ ರೀಸೆಟ್ ಮಾಡಬೇಡಿ, ಯುಪಿಐ ಆ್ಯಪ್ ಮತ್ತೆ ನೋಂದಾಯಿಸಲು ಆ ಸಿಮ್‌ನಿಂದ ಎಸ್‌ಎಂಎಸ್ ಹೋಗಬೇಕು, ಹೊರಗಿಂದ ಅದು ಎಷ್ಟೋ ಸಲ ಹೋಗುವುದಿಲ್ಲ.

ಇನ್ಶೂರೆನ್ಸ್: ವರ್ಷದ ‘ಮಲ್ಟಿ-ಟ್ರಿಪ್’ ಪಾಲಿಸಿ ನೋಡಿ ಮೋಸಹೋಗಬೇಡಿ. ಅದರಲ್ಲಿ ಒಂದೊಂದು ಪ್ರವಾಸಕ್ಕೆ 30, 45 ಅಥವಾ 60 ದಿನದ ಮಿತಿ ಇರುತ್ತದೆ, ನೀವು ಊರಿಗೇ ಬರದೆ ತಿರುಗುವವರು. ನಮ್ಮ ಕಂಪನಿಗಳ ಒಂದೇ ಪ್ರವಾಸದ ಪಾಲಿಸಿ ಸಾಮಾನ್ಯವಾಗಿ 180 ದಿನ, ಕೆಲವು ಮಾತ್ರ ಮುಂದುವರಿಸುತ್ತವೆ, ಅದೂ ಮೊದಲ ಅವಧಿ ಮುಗಿಯುವ ಮುಂಚೆ ಕೇಳಿದರೆ. ದೇಶದಿಂದ ಹೊರಬಿದ್ದ ಮೇಲೆ ಹೊಸದು ಕೊಡುವುದಿಲ್ಲ. ಉಳಿದ ಆರು ತಿಂಗಳಿಗೆ ಪ್ರವಾಸದ ನಡುವೆಯೂ ಕೊಳ್ಳಬಹುದಾದ ವಿದೇಶಿ ಪಾಲಿಸಿಗಳಿವೆ. ಎರಡರ ನಡುವೆ ಒಂದು ದಿನವೂ ಖಾಲಿ ಬಿಡಬೇಡಿ. ಬೈಕ್ ಲೈಸೆನ್ಸ್ ಇಲ್ಲದೆ ಬಾಲಿಯಲ್ಲಿ ಸ್ಕೂಟರ್ ಓಡಿಸಿ ಬಿದ್ದರೆ ಯಾವ ಪಾಲಿಸಿಯೂ ಕೊಡದು. ಆರ್‌ಟಿಒದಲ್ಲಿ 1,000 ರೂಪಾಯಿಗೆ ಒಂದು ವರ್ಷದ ಅಂತರರಾಷ್ಟ್ರೀಯ ಪರವಾನಗಿ ಸಿಗುತ್ತದೆ, ಅದರಲ್ಲಿ ದ್ವಿಚಕ್ರದ ಮುದ್ರೆ ಇದೆಯೇ ನೋಡಿಕೊಳ್ಳಿ. ಊರಿನ ಆರೋಗ್ಯ ವಿಮೆಯನ್ನು ಮಾತ್ರ ‘ಹೇಗೂ ಇಲ್ಲಿರುವುದಿಲ್ಲವಲ್ಲ’ ಎಂದು ನಿಲ್ಲಿಸಬೇಡಿ. ಬಿಟ್ಟು ಮತ್ತೆ ಕೊಂಡರೆ ಹಳೆಯ ಕಾಯಿಲೆಗಳ ಕಾಯುವ ಅವಧಿ ಮೊದಲಿನಿಂದ ಶುರು.

ಹೊರಡುವ ಏಪ್ರಿಲ್‌ನಲ್ಲೇ ಪಾಲಿಕೆಯ ಆಸ್ತಿ ತೆರಿಗೆ ಕಟ್ಟಿ 5% ರಿಯಾಯಿತಿ ಪಡೆಯಿರಿ. ಚೆಸ್ಕಾಂ ಬಿಲ್‌ಗೆ ಮನೆ ಖಾಲಿ ಇದ್ದರೂ ನಿಗದಿತ ಶುಲ್ಕ ಬರುತ್ತದೆ, ಆಟೋ ಪೇ ಹಾಕಿ. ಮನೆ ಬಾಡಿಗೆಗೆ ಕೊಡುವುದಾದರೆ ನಂಬಿಕಸ್ಥರಿಗೆ ಆ ಒಂದು ಕೆಲಸಕ್ಕೆ ಸೀಮಿತವಾದ ಮುಖ್ತ್ಯಾರು ಪತ್ರ ಬರೆದುಕೊಡಿ, ಎಲ್ಲಕ್ಕೂ ಅನ್ವಯಿಸುವ ಜಿಪಿಎ ಬೇಡ.

ಓಆರ್‌ಎಸ್_ಪೊಟ್ಟಣ

ಲಸಿಕೆ ಕೆಲಸ ಹೊರಡುವ ಎರಡು ತಿಂಗಳ ಮೊದಲೇ ಶುರುವಾಗಲಿ. ಮಕ್ಕಳ ವೈದ್ಯರ ಹತ್ತಿರ ಹೀಗೆ ಕೇಳಿ: ಮಗನ 4ರಿಂದ 6 ವರ್ಷದ ಬೂಸ್ಟರ್‌ಗಳು ಮುಗಿದಿವೆಯೇ, ಇಬ್ಬರಿಗೂ ಟೈಫಾಯ್ಡ್ ಮತ್ತು ಹೆಪಟೈಟಿಸ್-ಎ ಆಗಿದೆಯೇ, ಮಗಳಿಗೆ ಎಚ್‌ಪಿವಿ (ಗರ್ಭಕಂಠದ ಕ್ಯಾನ್ಸರ್ ತಡೆಯುವ ಲಸಿಕೆ) ಹಾಕಿಸುವುದಾದರೆ ಆರು ತಿಂಗಳ ನಂತರದ ಎರಡನೇ ಡೋಸ್ ಎಲ್ಲಿ.

ಕೀನ್ಯಾ ಇರುವುದರಿಂದ ಹಳದಿ ಜ್ವರದ ಲಸಿಕೆ ಕಡ್ಡಾಯ. ಅಲ್ಲಿಂದ ಆರು ದಿನದೊಳಗೆ ಭಾರತಕ್ಕೆ ಬಂದವರ ಹತ್ತಿರ ಹಳದಿ ಪುಸ್ತಿಕೆ ಇಲ್ಲದಿದ್ದರೆ ಕ್ವಾರಂಟೈನ್. ಲಸಿಕೆ ಹಾಕಿಸಿದ 10 ದಿನಗಳ ನಂತರವಷ್ಟೇ ಪ್ರಮಾಣಪತ್ರ ಊರ್ಜಿತ, ಆಮೇಲೆ ಜೀವನಪರ್ಯಂತ. ಇದು ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಿ ಮಾತ್ರ ಸಿಗುತ್ತದೆ, ನಿಗದಿತ ದಿನಗಳಲ್ಲಿ. ಪಾಸ್‌ಪೋರ್ಟ್ ವೀಸಾ ಕೇಂದ್ರದಲ್ಲಿ ಸಿಕ್ಕಿಬಿದ್ದಿರುವ ವಾರಕ್ಕೆ ದಿನ ಗೊತ್ತುಮಾಡಬೇಡಿ, ಮೂಲ ಪಾಸ್‌ಪೋರ್ಟ್ ಕೇಳುತ್ತಾರೆ. ಕೀನ್ಯಾಕ್ಕೆ ಮಲೇರಿಯಾ ಮಾತ್ರೆಯೂ ಬೇಕು, ಅದು ತೂಕದ ಮೇಲೆ ಹೋಗುತ್ತದೆ, ವೈದ್ಯರೇ ಬರೆಯಲಿ.

ರೇಬೀಸ್ ಮುನ್ನೆಚ್ಚರಿಕೆ ಲಸಿಕೆ ಬಗ್ಗೆ ಯಾರೂ ಕೇಳುವುದಿಲ್ಲ, ಮಕ್ಕಳಿರುವವರು ಕೇಳಲೇಬೇಕು. ಸೊನ್ನೆ ಮತ್ತು ಏಳನೇ ದಿನ, ಎರಡು ಡೋಸ್. ಇದು ಆಗಿದ್ದರೆ ಬಾಲಿಯ ಕೋತಿಯೋ ಬ್ಯಾಂಕಾಕಿನ ನಾಯಿಯೋ ಕಚ್ಚಿದಾಗ ಗಾಯವನ್ನು ಸಾಬೂನು ನೀರಲ್ಲಿ 15 ನಿಮಿಷ ತೊಳೆದು ಇನ್ನೆರಡು ಡೋಸ್ ಹಾಕಿಸಿದರೆ ಆಯಿತು. ಆಗಿರದಿದ್ದರೆ ಇಮ್ಯುನೋಗ್ಲೋಬುಲಿನ್ (ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು) ಬೇಕು, ದ್ವೀಪಗಳಲ್ಲಿ, ಸಣ್ಣ ಊರುಗಳಲ್ಲಿ ಅದು ಸಿಗುವುದೇ ಕಷ್ಟ.

ಪ್ಯಾರಸಿಟಮಾಲ್ ಸಿರಪ್‌ನಲ್ಲಿ ದೇಶದೇಶಕ್ಕೂ ಸಾಂದ್ರತೆ ಬೇರೆ, ಅಳತೆ ತಪ್ಪುವುದು ಇಲ್ಲೇ. ಲೆಕ್ಕ ಕೆಜಿಗೆ 15 ಮಿಲಿಗ್ರಾಂ, ಆರು ಗಂಟೆಗೊಮ್ಮೆ, ದಿನಕ್ಕೆ ನಾಲ್ಕಕ್ಕಿಂತ ಹೆಚ್ಚಿಲ್ಲ. 16 ಕೆಜಿಯ ಮಗುವಿಗೆ 240 ಮಿಲಿಗ್ರಾಂ. 5 ಮಿಲಿಗೆ 120 ಇರುವ ಸಿರಪ್ ಆದರೆ 10 ಮಿಲಿ, 5ಕ್ಕೆ 250 ಇರುವುದಾದರೆ ಸುಮಾರು 4.8 ಮಿಲಿ, 1 ಮಿಲಿಗೆ 100 ಇರುವ ಹನಿ ಔಷಧಿಯಾದರೆ 2.4 ಮಿಲಿ. ‘ಊರಲ್ಲಿ ಎರಡು ಚಮಚ ಕೊಡ್ತಿದ್ವಿ’ ಎಂಬ ಲೆಕ್ಕ ಹೊರಗೆ ನಡೆಯದು. ಓಆರ್‌ಎಸ್ 20.5 ಗ್ರಾಂ ಪೊಟ್ಟಣ ಪೂರ್ತಿ ಒಂದು ಲೀಟರ್‌ಗೆ, ಅರ್ಧರ್ಧ ಮಾಡಬೇಡಿ. ಕೊಡೀನ್ ಇರುವ ಕೆಮ್ಮಿನ ಔಷಧಿ, ಟ್ರಮಡಾಲ್ ಯುಎಇಯಲ್ಲಿ ನಿಯಂತ್ರಿತ ಪಟ್ಟಿಯಲ್ಲಿವೆ, ಬ್ಯಾಗಿನಲ್ಲಿ ಇರದಿರಲಿ. ಉಳಿದ ಮಾತ್ರೆಗಳಿಗೆ ಬ್ರಾಂಡ್ ಅಲ್ಲ, ಮೂಲ ಹೆಸರು ಬರೆದ ಚೀಟಿ.

ಜೋಳದ_ರೊಟ್ಟಿ

ಅಕ್ಕಾರ, ಎಲ್ಲಾರೂ ವೀಸಾ ತೆರಿಗಿ ಹೇಳಿದ್ರು, ಹೊಟ್ಟಿ ಮಾತು ಯಾರೂ ಆಡಲಿಲ್ಲ ನೋಡ್ರಿ.

ಕುಕ್ಕರ್ ಒಯ್ಯೂದಾದ್ರ ಎರಡು-ಮೂರು ಲೀಟರಿಂದು ಸ್ಟೀಲಿಂದು ಒಯ್ರಿ. ಯುರೋಪಿನ ಬಾಡಿಗಿ ಮನ್ಯಾಗ ಇಂಡಕ್ಷನ್ ಒಲಿ ಭಾಳ, ಅಲ್ಯುಮಿನಿಯಂ ಕುಕ್ಕರ್ ಅದರ ಮ್ಯಾಲ ಬಿಸಿನ ಆಗೂದಿಲ್ಲ. ತಳಕ್ಕ ಅಯಸ್ಕಾಂತ ಹಚ್ಚಿ ನೋಡ್ರಿ, ಹಿಡಿದ್ರ ನಡೀತದ. ಕೈಚೀಲದಾಗ ಇಡಬ್ಯಾಡ್ರಿ, ಸೆಕ್ಯೂರಿಟಿಯವ್ರು ತಗಸ್ತಾರ, ಚೆಕ್-ಇನ್‌ಗೆ ಹಾಕ್ರಿ. ಒಂದು ಹೆಚ್ಚಿನ ಗ್ಯಾಸ್ಕೆಟ್ಟು, ಸೇಫ್ಟಿ ವಾಲ್ವು ಇರ್ಲಿ, ಅವು ಅಲ್ಲಿ ಸಿಗೂದಿಲ್ಲ. ಮಿಕ್ಸರ್ ಬ್ಯಾಡೇ ಬ್ಯಾಡ, ತೂಕ ದಂಡ. ಸಾರಿನ ಪುಡಿ, ಹುಣಸಿ ಹಣ್ಣು, ಇಂಗು, ಸಾಸಿವಿ ಇದ್ರ ಅಕ್ಕಿ-ಬ್ಯಾಳಿ ಎಲ್ಲಾ ಕಡೆ ಸಿಗ್ತಾವು.

ಗಸಗಸಿ ಮಾತ್ರ ಒಂದು ಕಾಳೂ ಬ್ಯಾಡ. ದುಬೈ, ಸಿಂಗಾಪುರದಾಗ ಅದು ಮಾದಕ ವಸ್ತು ಲೆಕ್ಕ. ಮನ್ಯಾಗ ಕುಟ್ಟಿದ ಮಸಾಲಿ ಪುಡಿಯೊಳಗೂ ಇರ್ತದ, ಕೇಳಿ ತುಂಬಿಸ್ರಿ. ಎಲಿ-ಅಡಿಕಿನೂ ದುಬೈಗೆ ನಡಿಯೂದಿಲ್ಲ.

ಶಾಖಾಹಾರಿಗಳಾದ್ರ ಥಾಯ್ಲೆಂಡಿನಾಗ ‘ಜೇ’ ಅನ್ರಿ, ಹಳದಿ ಬಾವುಟದ ಅಂಗಡಿ ಹುಡುಕ್ರಿ. ಬರೇ ವೆಜ್ ಅಂದ್ರ ಮೀನಿನ ಸಾಸ್ ಬಿದ್ದಿರ್ತದ. ವಿಯೆಟ್ನಾಮಿನಾಗ ‘ಚಾಯ್’. ಜಾರ್ಜಿಯಾದಾಗ ‘ಸಮಾರ್ಖ್ವೊ’ ಅಂದ್ರ ಅವರ ಉಪವಾಸದ ಅಡಿಗಿ, ಮಾಂಸ, ಹಾಲು, ತತ್ತಿ ಇರೂದಿಲ್ಲ. ಲೋಬಿಯೊ ಅಂತ ಕಾಳಿನ ಪಲ್ಯ ಸಿಗ್ತದ, ಮಕ್ಕಳು ತಿಂತಾವು.

ಕುಕ್ಕರಹಳ್ಳಿ_ಕೆರೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ದಾರಿ ಬದಲಿಸಿದೆವು. ಮೂರು ಪ್ರಶ್ನೆ ಉಳಿದಿದೆ. ಪ್ರವಾಸಿ ವೀಸಾದಲ್ಲೇ ನನ್ನ ಕೆಲಸ ಮುಂದುವರಿಸಬಹುದೇ? ವಿಶ್ವ ಸುತ್ತುವ ಒಂದೇ ಟಿಕೆಟ್ ಸಿಗುತ್ತದಂತಲ್ಲ, ಅದು ಅಗ್ಗವೇ? ಹೊರಡುವ ದಿನಕ್ಕೆ ಮಗನ ಪಾಸ್‌ಪೋರ್ಟ್‌ಗೆ ಇನ್ನು ಒಂದೂವರೆ ವರ್ಷ ಅವಧಿ ಇರುತ್ತದೆ, ಸಾಕಲ್ಲವೇ?

ಗಡಿದಾಟು

ಕೆಲಸ: ಬಹಳ ದೇಶಗಳಲ್ಲಿ ಪ್ರವಾಸಿ ವೀಸಾದಲ್ಲಿ ಕೆಲಸಕ್ಕೆ ಅನುಮತಿ ಇಲ್ಲ, ಊರಿನ ಗಿರಾಕಿಗೆ ಮಾಡಿದರೂ ಅಷ್ಟೇ. ‘ಯಾರು ನೋಡ್ತಾರೆ’ ಎಂಬ ಸಲಹೆ ಇಲ್ಲಿ ಕೊಡುವುದಿಲ್ಲ. ನಿಮ್ಮ ದಾರಿಯಲ್ಲಿ ಹೊಂದುವುದು ಥಾಯ್ಲೆಂಡಿನ ಡಿಟಿವಿ, ಅಂದರೆ ದೂರದಿಂದಲೇ ಕೆಲಸ ಮಾಡುವವರಿಗೆ ಸಿಗುವ ವೀಸಾ: 5 ವರ್ಷದ ವೀಸಾ, ಪ್ರತಿ ಪ್ರವೇಶಕ್ಕೆ 180 ದಿನ, ಖಾತೆಯಲ್ಲಿ 5 ಲಕ್ಷ ಬಾತ್‌ಗೆ ಸಮನಾದ ಹಣ ತೋರಿಸಬೇಕು, ಗಂಡ ಮತ್ತು ಮಕ್ಕಳು ಅವಲಂಬಿತರಾಗಿ ಬರಬಹುದು, ಆದರೆ ಪ್ರತಿಯೊಬ್ಬರಿಗೂ ಬೇರೆ ಅರ್ಜಿ, ಬೇರೆ ಶುಲ್ಕ. ಮೂರು ತಿಂಗಳಿಗಾಗಿ ಇಷ್ಟು ಬೇಕೇ ಎಂಬುದು ನಿಮ್ಮ ಲೆಕ್ಕ. ಹೊರಟ ಮೇಲೆ ತೆಗೆದುಕೊಳ್ಳುವುದಾದರೆ ಅರ್ಜಿ ಹಾಕುವಾಗ ಥಾಯ್ಲೆಂಡ್‌ನ ಹೊರಗಿರಬೇಕು.

ತೆರಿಗೆಗೂ ಇದು ತಗುಲುತ್ತದೆ. ‘ವರ್ಷದಲ್ಲಿ 182 ದಿನ ಹೊರಗಿದ್ದರೆ ಎನ್‌ಆರ್‌ಐ, ತೆರಿಗೆ ಇಲ್ಲ’ ಎಂದು ಯಾರಾದರೂ ಹೇಳಿದರೆ ಕಿವಿಗೊಡಬೇಡಿ. ಕೆಲವು ಷರತ್ತುಗಳಲ್ಲಿ ಬರೀ 60 ದಿನ ಇಲ್ಲಿದ್ದರೂ ನಿವಾಸಿ ಎನ್ನುವ ನಿಯಮ ಬೇರೆ ಇದೆ, 15 ಲಕ್ಷ ಮೀರಿದ ಆದಾಯಕ್ಕೆ ಬೇರೆಲ್ಲೂ ತೆರಿಗೆ ಇಲ್ಲದಿದ್ದರೆ ಇಲ್ಲಿಯ ನಿವಾಸಿ ಎಂದೇ ಪರಿಗಣಿಸುವ 2020ರ ತಿದ್ದುಪಡಿಯೂ ಇದೆ. ಹೊರಡುವ ತಾರೀಖು ಹಿಡಿದು ಸಿಎ ಹತ್ತಿರ ಒಮ್ಮೆ ಕೂತು ಬನ್ನಿ.

ವಿಶ್ವ ಟಿಕೆಟ್: ಒನ್‌ವರ್ಲ್ಡ್ ಎಂಬ ವಿಮಾನ ಕಂಪನಿಗಳ ಒಕ್ಕೂಟದ್ದು 12 ತಿಂಗಳೊಳಗೆ 16 ಹಾರಾಟಗಳವರೆಗೆ ಬಿಡುತ್ತದೆ. ಆದರೆ ಅಟ್ಲಾಂಟಿಕ್, ಪೆಸಿಫಿಕ್ ಎರಡನ್ನೂ ಒಂದೇ ದಿಕ್ಕಿನಲ್ಲಿ ದಾಟಬೇಕು. ನಿಮ್ಮ ದಾರಿ ಎರಡನ್ನೂ ದಾಟುವುದಿಲ್ಲ. ದಾಟಿದರೂ ಅಮೆರಿಕದಲ್ಲಿ ವಿಮಾನ ಬದಲಿಸಲಿಕ್ಕೂ ನಮ್ಮ ಪಾಸ್‌ಪೋರ್ಟ್‌ಗೆ ವೀಸಾ ಬೇಕು. ನಿಮಗೆ ಬಿಡಿ ಟಿಕೆಟ್‌ಗಳೇ ಸರಿ.

ಮಗನ ಪಾಸ್‌ಪೋರ್ಟ್: ಸಾಲದು. ಹದಿಮೂರು ತಿಂಗಳ ಪ್ರವಾಸ, ಕೊನೆಯ ದೇಶ ಇಂಡೋನೇಷ್ಯಾ ಇಳಿಯುವ ದಿನಕ್ಕೆ ಆರು ತಿಂಗಳು ಬಾಕಿ ಇರಬೇಕೆನ್ನುತ್ತದೆ. ಹನ್ನೆರಡನೇ ತಿಂಗಳಲ್ಲಿ ಬಾಲಿಗೆ ಹೋದರೆ ಸರಿಯಾಗಿ ಆರು ತಿಂಗಳು, ಒಂದು ವಾರ ಹಿಂದೆಮುಂದೆ ಆದರೆ ಕೌಂಟರ್‌ನಲ್ಲೇ ನಿಲ್ಲಿಸುತ್ತಾರೆ. 15 ವರ್ಷದೊಳಗಿನ ಮಕ್ಕಳ ಪಾಸ್‌ಪೋರ್ಟ್ 5 ವರ್ಷಕ್ಕಷ್ಟೇ ಸಿಗುವುದು, 36 ಪುಟದ್ದೇ, ಶುಲ್ಕ 1,000. ಷೆಂಗೆನ್ ಅರ್ಜಿಗೆ ಮೊದಲೇ, ಅಂದರೆ ಡಿಸೆಂಬರ್‌ನೊಳಗೆ ಮರುವಿತರಣೆಗೆ ಹಾಕಿ. ವೀಸಾ ಹಚ್ಚಿದ ಮೇಲೆ ಪುಸ್ತಕ ಬದಲಿಸಿದರೆ ಎರಡೆರಡು ಹೊತ್ತು ತಿರುಗಬೇಕು. ಇಬ್ಬರ ಸಹಿಯಿರುವ ಅನೆಕ್ಷರ್ ‘ಡಿ’ (ಪೋಷಕರ ಒಪ್ಪಿಗೆಯ ಘೋಷಣಾಪತ್ರ), ಹಳೆಯ ಪುಸ್ತಕ, ನಿಮ್ಮಿಬ್ಬರ ಪಾಸ್‌ಪೋರ್ಟ್ ಪ್ರತಿ ತೆಗೆದುಕೊಂಡು ಹೋಗಿ. ದೊಡ್ಡವರದ್ದೂ ಮುಗಿಯುತ್ತ ಬಂದಿದ್ದರೆ 2,000 ಕಟ್ಟಿ 60 ಪುಟದ್ದೇ ಮಾಡಿಸಿ.